ಮನಿ ಬದಲಿಸುವವರ ಪಾಡು, ಹಮಾಲರ ಗೋಳು

‘ಮದುವಿ ಮಾಡಿ ನೋಡು, ಮನಿ ಕಟ್ಟಿ ನೋಡು’ ಎಂದು ಹಿರಿಯರು ಹೇಳಿದರು. ‘ಮನಿ ಬದಲಿಸಿ ನೋಡು’ ಎಂದು ಮಾತ್ರ ಹೇಳಲಿಲ್ಲ. ಅವರ ಕಾಲಕ್ಕೆ ಅಜ್ಜ ಹುಟ್ಟಿದ ಮನೆಯಲ್ಲೇ ಮೊಮ್ಮಗನ ತೊಟ್ಟಿಲು ತೂಗುತ್ತಿತ್ತು. ಈಗ ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಹನ್ನೆರಡನೆಯ ತಿಂಗಳಿಗೆ ಮಾಲಕರು ಬಾಡಿಗೆ ಏರಿಸುತ್ತಾರೆ, ಇಲ್ಲವೇ ‘ಮಗನ ಮದುವಿ ಐತ್ರಿ, ಖಾಲಿ ಮಾಡ್ರಿ’ ಎನ್ನುತ್ತಾರೆ.

ಬೆಳಗಾವಿಯಂಥ ಊರಿನಲ್ಲಿ ಈ ಗದ್ದಲ ಇನ್ನೂ ಹೆಚ್ಚು. ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿದೆ, ಸಾಂಬ್ರಾದಲ್ಲಿ ವಾಯುಪಡೆ ಇದೆ, 1998ರಿಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದೆ, ಸರಕಾರಿ ಕಚೇರಿಗಳಂತೂ ಬೇಕಾದಷ್ಟು. ಮೇ ತಿಂಗಳು ಬಂತೆಂದರೆ ವರ್ಗಾವಣೆ, ಮಕ್ಕಳ ಸಾಲೆ, ಹೊಸ ಮನೆ ಎಲ್ಲ ಒಮ್ಮೆಲೇ. ಶಹಾಪುರ, ವಡಗಾವಿ ಗಲ್ಲಿಗಳಿಂದ ಜನ ಅನಗೋಳ, ಪೀರನವಾಡಿ, ಮಚ್ಛೆ ಕಡೆ ಹೊರಡುತ್ತಾರೆ. ಕೆಲವರು ಖಾನಾಪುರಕ್ಕೇ ಹೋಗಿ ನೆಲೆಸುತ್ತಾರೆ. ಅಮಾವಾಸ್ಯೆ ಬೇಡ, ಆಷಾಢ ಬೇಡ ಎಂದು ದಿನ ನೋಡಿ ಎಲ್ಲರೂ ಹೊರಡುವುದು ಒಂದೇ ಮುಹೂರ್ತಕ್ಕೆ. ಆ ದಿನ ಟೆಂಪೋದವನೇ ಊರಿನ ರಾಜ!

ಬಾಗಿಲಲ್ಲಿ ಜಗಳ

ಜಗಳ ಸುರುವಾಗುವ ರೀತಿ ಎಲ್ಲ ಓಣಿಯಲ್ಲೂ ಒಂದೇ. ಫೋನಿನಲ್ಲಿ ಆಡಿದ ದರ ಒಂದು, ಸಾಮಾನು ಏರಿಸಿದ ಮೇಲೆ ಕೇಳುವ ದರ ಇನ್ನೊಂದು.

‘ಮೂರನೇ ಮಜಲಿ ಅಂತ ನೀವು ಹೇಳೇ ಇಲ್ಲಲ್ರಿ ಸಾಹೇಬ್ರ!’

‘ನೀ ಕೇಳಿದ್ಯೇನಪಾ?’

‘ಗಾಡಿ ಓಣ್ಯಾಗ ಬರೂದಿಲ್ರಿ. ಅಷ್ಟು ದೂರ ಹೊತ್ತೊಯ್ಯಬೇಕಂದ್ರ ಹಮಾಲಿ ಬ್ಯಾರೆ ಆಗ್ತದ.’

ಅರ್ಧ ಸಾಮಾನು ಗಾಡಿಯಲ್ಲಿ, ಅರ್ಧ ರಸ್ತೆಯಲ್ಲಿ. ಹಾಲು ಉಕ್ಕಿಸುವ ಗಳಿಗೆ ಮೀರುತ್ತಿದೆ. ಮನೆಯವರು ಸಿಟ್ಟಿನಿಂದಲೇ ಹಣ ಕೊಟ್ಟು, ‘ಈ ಹಮಾಲರು ಸುಲಿಗಿ ಮಾಡ್ತಾರ’ ಎಂದು ಬೀಗರ ಮುಂದೆ ಹೇಳುತ್ತ ಹೋಗುತ್ತಾರೆ.

ಅವರ ಸಿಟ್ಟು ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ ನಿಜ. ಇನ್ನರ್ಧ ಹಮಾಲನ ಬೆನ್ನಿನ ಮೇಲಿದೆ. ಕಬ್ಬಿಣದ ತಿಜೋರಿಯನ್ನು ಸಪೂರ ಮೆಟ್ಟಿಲಿನಲ್ಲಿ ಇಳಿಸುವಾಗ ಕೆಳಗೆ ನಿಂತವನ ಕಾಲು ಜಾರಿದರೆ ಗತಿ ಏನು? ಬೆರಳು ಜಜ್ಜಿದರೆ ಯಾರು ನೋಡುತ್ತಾರೆ? ಟೆಂಪೋದವ ‘ನನ್ನ ಆಳಲ್ಲ’ ಎನ್ನುತ್ತಾನೆ. ಮನೆಯವರು ‘ನಾವು ಕರೆದಿದ್ದು ಟೆಂಪೋ’ ಎನ್ನುತ್ತಾರೆ. ಹೊಸ ಮನೆಯಲ್ಲಿ ಕುಂದಾ ಹಂಚಲು ಕೈ ಹಿಂದೆಗೆಯದವರು ಹಮಾಲನ ಕೂಲಿಗೆ ಮಾತ್ರ ಐವತ್ತು ರೂಪಾಯಿ ಚೌಕಾಶಿ ಮಾಡುತ್ತಾರೆ!

ಚೀಲಕ್ಕೆ ದರ ಉಂಟು, ಕಪಾಟಿಗಿಲ್ಲ

ಎಪಿಎಂಸಿ ಯಾರ್ಡಿನಲ್ಲಿ ಚೀಲ ಎತ್ತುವ ಹಮಾಲಿ ಇಷ್ಟು ಎಂದು ಮಾರುಕಟ್ಟೆ ಸಮಿತಿ ಗೊತ್ತು ಮಾಡುತ್ತದೆ. ಅಲ್ಲಿ ಜಗಳವೇ ಇಲ್ಲ ಎಂದಲ್ಲ, ಆದರೆ ಜಗಳಕ್ಕೆ ಒಂದು ಅಳತೆಯಾದರೂ ಇದೆ. ಅದೇ ಹಮಾಲ ಯಾರ್ಡಿನಿಂದ ಹೊರಬಂದು ಮನೆ ಸಾಮಾನು ಎತ್ತಿದರೆ ಅವನಿಗೆ ದರವೂ ಇಲ್ಲ, ದಾಖಲೆಯೂ ಇಲ್ಲ.

ನಿಪ್ಪಾಣಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ 1969ರಲ್ಲೇ ಮಾಥಾಡಿ ಹಮಾಲರ ಕಾಯ್ದೆ ಬಂತು. ಮಂಡಳಿಯಲ್ಲಿ ಹೆಸರು ಬರೆಸಿದ ಹಮಾಲನ ಕೂಲಿ ಮಂಡಳಿಯ ಮೂಲಕವೇ ಬರುತ್ತದೆ. ವ್ಯಾಪಾರಿ ಕೂಲಿಯ ಮೇಲೆ ಕೊಡುವ ಹೆಚ್ಚಿನ ಹಣದಿಂದ ಭವಿಷ್ಯನಿಧಿ ಮೊದಲಾದ ಸೌಲಭ್ಯ ನಡೆಯುತ್ತವೆ. ಕೇರಳದಲ್ಲಿ 1978ರಲ್ಲಿ ತಲೆಹೊರೆ ಕಾರ್ಮಿಕರ ಕಾಯ್ದೆಯಾಯಿತು. ಅಲ್ಲಿ ಸಾಮಾನು ಮುಟ್ಟದೆ, ನಿಂತು ನೋಡಿದ್ದಕ್ಕೂ ಕೂಲಿ ಕೇಳುವ ‘ನೋಕ್ಕುಕೂಲಿ’ ಎಂಬ ಪೀಡೆ ಬೆಳೆಯಿತು. ಕೊನೆಗೆ 2018ರ ಮೇ 1ರಂದು, ಕಾರ್ಮಿಕರ ದಿನವೇ, ಸರಕಾರ ಅದನ್ನು ನಿಲ್ಲಿಸಬೇಕಾಯಿತು. ಹಮಾಲನಿಗೂ ರಕ್ಷಣೆ ಬೇಕು, ಮನೆಯವರಿಗೂ ಬೇಕು. ಒಂದು ಬಿಟ್ಟು ಒಂದಾದರೆ ತಕ್ಕಡಿ ವಾಲುತ್ತದೆ.

ಖಾನಾಪುರದ ದಾರಿ

ಊರೊಳಗಿನ ಸಾಗಣೆ ಒಂದು ತೆರ, ಖಾನಾಪುರದ್ದು ಇನ್ನೊಂದು ತೆರ. ಇಪ್ಪತ್ತೈದು ಕಿಲೋಮೀಟರಿನ ಆಚೀಚೆ ಇರುವ ಆ ಊರಿಗೆ ಹೋದ ಗಾಡಿ ಮರಳಿ ಖಾಲಿ ಬರುತ್ತದೆ. ಆ ಖರ್ಚು ಯಾರದು? ಗಣೇಬೈಲ್ ಟೋಲ್ ನಾಕೆಯಲ್ಲಿ ಕೊಡುವ ಹಣ ಯಾರದು? ಮೊದಲೇ ಕೇಳದಿದ್ದರೆ ನಾಕೆಯ ಮುಂದೆಯೇ ಪಂಚಾಯತಿ. ಜಾಂಬೋಟಿ, ಕಣಕುಂಬಿ ಕಡೆಗಂತೂ ಜೂನ್ ತಿಂಗಳ ಮಳೆ ಹನಿಯಲ್ಲ, ಧಾರೆ. ತಾಡಪತ್ರಿ ಇಲ್ಲದ ಗಾಡಿಯಲ್ಲಿ ಹಾಸಿಗೆ ಹೇರಿದವರು ಮೊದಲ ರಾತ್ರಿ ಬರೀ ನೆಲದ ಮೇಲೆ ಮಲಗಬೇಕಾಗುತ್ತದೆ.

ಇನ್ನೊಂದು ಅಪಾಯದ ರೂಢಿ ಇದೆ. ಮಕ್ಕಳು, ಹೆಂಗಸರು ಸಾಮಾನಿನ ಮೇಲೆಯೇ ಕೂತು ಹೋಗುತ್ತಾರೆ. ಸರಕು ಗಾಡಿ ಇರುವುದು ಸರಕಿಗೆ. ಗಾಡಿ ಮಗುಚಿದರೆ ಹಿಂದೆ ಕೂತವರಿಗೆ ವಿಮೆ ಕಂಪನಿ ಕೈ ಎತ್ತಿಬಿಡುತ್ತದೆ. ಇಷ್ಟಕ್ಕಾಗಿ ಜೀವ ಒತ್ತೆ ಇಡಬೇಕೇ?

ಪರಊರ ಕಂಪನಿಯ ಬಣ್ಣ

‘ಈ ತಕರಾರೇ ಬ್ಯಾಡ, ಪ್ಯಾಕರ್ಸ್ ಮೂವರ್ಸ್ ಕರಸೋಣು’ ಎನ್ನುವವರು ಹೆಚ್ಚುತ್ತಿದ್ದಾರೆ. ಒಳ್ಳೆಯ ಕಂಪನಿಗಳೂ ಇವೆ. ಆದರೆ ದೊಡ್ಡ ಹೆಸರಿನ ನಕಲು ಹೆಸರಿಟ್ಟುಕೊಂಡು, ಮೊಬೈಲಿನಲ್ಲಿ ಅಗ್ಗದ ದರ ಹೇಳಿ, ಸಾಮಾನು ಹೇರಿದ ಮೇಲೆ ದಾರಿಯಲ್ಲಿ ಗಾಡಿ ನಿಲ್ಲಿಸಿ ಇಮ್ಮಡಿ ಕೇಳುವವರೂ ಇದ್ದಾರೆ. ಆಗ ಹುಡುಕಿದರೆ ಅವರ ಆಫೀಸೂ ಇಲ್ಲ, ಫೋನೂ ಇಲ್ಲ. ರವಿವಾರ ಪೇಟೆಯ ಹಮಾಲ ಜಗಳಾಡಿದರೂ ನಾಳೆ ಅದೇ ಪೇಟೆಯಲ್ಲಿ ಸಿಗುತ್ತಾನೆ. ಗುರುತಿನ ಮಂದಿ ಎಂಬುದೇ ಅರ್ಧ ಗ್ಯಾರಂಟಿ.

ಕಾನೂನು ಇಲ್ಲದಿಲ್ಲ. 1865ರ ಹಳೇ ಕಾಯ್ದೆಯ ಜಾಗದಲ್ಲಿ 2007ರಲ್ಲಿ ರಸ್ತೆ ಸರಕು ಸಾಗಣೆ ಕಾಯ್ದೆ ಬಂತು. ಸಾಗಣೆ ಕಂಪನಿಗಳು ಹೆಸರು ನೋಂದಿಸಬೇಕು, ಸಾಮಾನಿಗೆ ರಸೀದಿ ಕೊಡಬೇಕು. ಸಾಮಾನಿನ ಬೆಲೆ ಮೊದಲೇ ಬರೆಸದಿದ್ದರೆ ಹಾನಿ ಪರಿಹಾರಕ್ಕೆ ಮಿತಿ ಬೀಳುತ್ತದೆ ಎಂಬುದನ್ನು ಮರೆಯಬಾರದು. 2019ರ ಗ್ರಾಹಕ ಕಾಯ್ದೆಯಂತೆ, ಕಂಪನಿ ಎಲ್ಲಿಯದೇ ಇರಲಿ, ದೂರುದಾರ ತಾನಿರುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಒಂದು ಚೀಟಿಯೂ ಇಲ್ಲದಿದ್ದರೆ ಆಯೋಗವಾದರೂ ಏನು ಮಾಡೀತು?

ಮಾಡಬೇಕಾದದ್ದು

ಮನೆಯವರು ಒಂದು ದಿನ ಮೊದಲೇ ಹಮಾಲರ ಮುಖ್ಯಸ್ಥನನ್ನು ಕರೆದು ಸಾಮಾನು, ಮೆಟ್ಟಿಲು, ಓಣಿ ಎಲ್ಲ ತೋರಿಸಲಿ. ಎಷ್ಟು ಜನ, ಎಷ್ಟು ಹಣ, ಟೋಲ್ ಯಾರದು, ಕಟ್ಟುವುದು ಬಿಚ್ಚುವುದು ಸೇರಿದೆಯೇ, ಒಡೆದರೆ ಹೇಗೆ ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಬಂಗಾರ, ಕಾಗದಪತ್ರ ಗಾಡಿಗೆ ಏರಿಸದೆ ಕೈಯಲ್ಲೇ ಇರಲಿ.

ಹಮಾಲರೂ ಎಚ್ಚೆತ್ತುಕೊಳ್ಳಬೇಕು. 2021ರಲ್ಲಿ ಸುರುವಾದ ಇ-ಶ್ರಮ್ ನೋಂದಣಿ ಅವರಂಥವರಿಗಾಗಿಯೇ ಇದೆ. ಬ್ಯಾಂಕಿನ ಸುರಕ್ಷಾ ವಿಮೆಗೆ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಎರಡು ಕಪ್ ಚಹಾದ ಹಣ! ಆದರೆ ಇದನ್ನು ಪೇಟೆಗೆ ಬಂದು ತಿಳಿಸಿ ಹೇಳುವವರು ಯಾರು? ಮುಂಜಾನೆಯಿಂದ ಹೊರೆ ಹೊರುವವ ಅರ್ಜಿ ಹಿಡಿದು ಕಚೇರಿ ಸುತ್ತಲಾರ.

ಕಾರ್ಮಿಕ ಇಲಾಖೆ ರವಿವಾರ ಪೇಟೆಯಲ್ಲೂ ಖಾನಾಪುರದಲ್ಲೂ ಮೇ ತಿಂಗಳಿಗೆ ಮುಂಚೆ ಒಂದೊಂದು ದಿನ ಮೇಜು ಹಾಕಿ ಕೂತು ಹೆಸರು ಬರೆದುಕೊಳ್ಳಲಿ. ಟೆಂಪೋ ನಿಲ್ದಾಣಗಳಲ್ಲಿ ಚಾಲಕರು, ಹಮಾಲರು, ನಾಗರಿಕರು ಕೂಡಿ ಒಪ್ಪಿದ ದರದ ಫಲಕವನ್ನು ಪಾಲಿಕೆ ಹಾಕಿಸಲಿ. ಮಜಲಿಗೆ ಇಷ್ಟು, ದೂರಕ್ಕೆ ಇಷ್ಟು ಎಂದು ಬರೆದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಇದಕ್ಕೆ ಕೋಟಿ ರೂಪಾಯಿ ಬೇಕಿಲ್ಲ, ಒಂದು ಡಬ್ಬಿ ಬಣ್ಣ, ಒಂದು ಹಲಿಗೆ ಸಾಕು.

ಹೊಣೆಗಾರರು ಆ ಹಲಿಗೆಯನ್ನಾದರೂ ಎತ್ತುವರೇ? ಇಲ್ಲ, ಅದನ್ನೂ ಹಮಾಲನೇ ಎತ್ತಬೇಕೇ?