ಸರ್ಕಾರದ ವರದಿಯೂ ನಾಗರಿಕರ ಸಾಕ್ಷ್ಯವೂ

ಪ್ರಜೆಗಳ ಹಕ್ಕುಗಳನ್ನು ತಾನು ಎಷ್ಟರಮಟ್ಟಿಗೆ ರಕ್ಷಿಸಿದ್ದೇನೆಂದು ಹೇಳುವ ಅಧಿಕಾರ ರಾಜ್ಯವೊಂದಕ್ಕೇ ಸೇರಿದ್ದಲ್ಲವೆಂಬ ತತ್ತ್ವವನ್ನು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು ತನ್ನ ಕಾರ್ಯವಿಧಾನದಲ್ಲಿಯೇ ಅಂಗೀಕರಿಸಿಕೊಂಡಿದೆ. ಕೆಲವು ವರ್ಷಗಳಿಗೊಮ್ಮೆ ಪ್ರತಿಯೊಂದು ಸದಸ್ಯರಾಷ್ಟ್ರವೂ ಜಿನೀವಾದಲ್ಲಿ ಇತರ ರಾಷ್ಟ್ರಗಳ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದ ಪರಾಮರ್ಶೆಯೊಂದುಂಟು. ಅಲ್ಲಿ ಸರ್ಕಾರದ ವರದಿಯ ಜೊತೆಗೆ ನಾಗರಿಕ ಸಂಘಟನೆಗಳು ಕಳುಹಿಸಿದ ಸಾಕ್ಷ್ಯದ ಸಾರಾಂಶವನ್ನೂ ಮುಂದಿಟ್ಟುಕೊಂಡೇ ವಿಚಾರಣೆ ನಡೆಯತಕ್ಕದ್ದು. ಭಾರತವು 2008, 2012, 2017 ಮತ್ತು 2022ರಲ್ಲಿ ಈ ಪರಾಮರ್ಶೆಗೆ ಒಳಗಾಗಿದೆ. ಒಂದು ಸಂಘಟನೆ ಏಕಾಕಿಯಾಗಿ ಸಲ್ಲಿಸುವ ನಿವೇದನೆ 2,815 ಪದಗಳನ್ನು ಮೀರಕೂಡದೆಂಬುದು ಅಲ್ಲಿನ ನಿಯಮ. ಇಷ್ಟು ಕಿರಿದಾದ ಅವಕಾಶದಲ್ಲಿ ಹೇಳಬೇಕಾದವರಿಗೆ ವಾಗ್ವೈಖರಿಯಿಂದ ಪ್ರಯೋಜನವಿಲ್ಲ; ಅವರ ಬಲವೆಲ್ಲ ಕಣ್ಣಾರೆ ಕಂಡು ಬರೆದಿಟ್ಟ ಸಂಗತಿಗಳಲ್ಲಿಯೇ ಇರಬೇಕು.

ಅಂಥ ಬಲ ಎಂಥದೆಂಬುದನ್ನು ಮಲ ಹೊರುವ ಪದ್ಧತಿಯ ಚರಿತ್ರೆ ತೋರಿಸಿಕೊಟ್ಟಿದೆ. ನಮ್ಮ ರಾಜ್ಯದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಷೇಧಿಸಿದರು. ಸಂಸತ್ತು 1993ರಲ್ಲೊಂದು, 2013ರಲ್ಲಿ ಇನ್ನೊಂದು ಶಾಸನವನ್ನು ರಚಿಸಿತು. ಶಾಸನಗಳ ಸಂಖ್ಯೆಯೇ ಪ್ರಗತಿಯ ಮಾನದಂಡವಾಗಿದ್ದರೆ ಇಷ್ಟಕ್ಕೆ ತೃಪ್ತರಾಗಬಹುದಾಗಿತ್ತು. ಆದರೆ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ, ಇದೇ ಕೆಲಸದಿಂದ ಜೀವನ ಸಾಗಿಸಬೇಕಾಗಿದ್ದ ಕುಟುಂಬದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರೂ ಅವರ ಸಂಗಡಿಗರೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನವು 2003ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದಾಗ, ತಮ್ಮಲ್ಲಿ ಕೈಯಿಂದ ಮಲ ಬಳಿಯಬೇಕಾದ ಪಾಯಿಖಾನೆಗಳೇ ಇಲ್ಲವೆಂದು ಎಷ್ಟೋ ರಾಜ್ಯಗಳು ಪ್ರಮಾಣಪತ್ರ ಸಲ್ಲಿಸಿದವು. ಆಂದೋಲನದವರು ವಾದಕ್ಕೆ ಪ್ರತಿವಾದ ಹೂಡಿ ಸುಮ್ಮನಾಗಲಿಲ್ಲ. ಪಾಯಿಖಾನೆ ಎಲ್ಲಿದೆ, ಅದನ್ನು ಬಳಿಯುವವರು ಯಾರು ಎಂಬುದನ್ನು ವಿಚಾರಿಸಿ ಬರೆದುಕೊಂಡು, ಛಾಯಾಚಿತ್ರಗಳನ್ನು ತೆಗೆದು, ಅವೆಲ್ಲವನ್ನೂ ನ್ಯಾಯಪೀಠದ ಮುಂದಿಟ್ಟರು. ಸರ್ಕಾರವೇ ನಡೆಸಿದ 2011ರ ಜನಗಣತಿಯಲ್ಲಿಯೂ ಮನುಷ್ಯರ ಕೈಯಿಂದ ಮಲ ತೆಗೆಯಿಸುವ ಪಾಯಿಖಾನೆಗಳು 7.94 ಲಕ್ಷದಷ್ಟು ಕಂಡುಬಂದವು.

2014ರ ಮಾರ್ಚ್ 27ರಂದು ನ್ಯಾಯಾಲಯವು, 1993ರಿಂದೀಚೆಗೆ ಒಳಚರಂಡಿ ಕೆಲಸದಲ್ಲಿ ಸತ್ತವರನ್ನು ಗುರುತಿಸಿ ಅವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸತ್ತವರ ಹೆಸರುಗಳನ್ನು ಯಾರೂ ಬರೆದಿಡದೆ ಹೋದರೆ ಆ ಹಣವನ್ನು ಯಾರ ಮನೆಗೆ ಮುಟ್ಟಿಸುವುದು? 2021ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಮಲ ಹೊರುವ ಕೆಲಸದಿಂದ ಸಾವು ಸಂಭವಿಸಿದ ವರದಿಯಿಲ್ಲವೆಂದು ರಾಜ್ಯಸಭೆಗೆ ತಿಳಿಸಿತು. ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿದು ಉಸಿರುಗಟ್ಟಿ ಸತ್ತವರು ಕಾನೂನಿನಲ್ಲಿ ಬೇರೊಂದು ವರ್ಗಕ್ಕೆ ಸೇರುತ್ತಾರೆಂಬುದು ಆ ಮಾತಿನ ಹಿಂದಿನ ತರ್ಕ. ಕಾನೂನಿಗೆ ಅದು ಸಮ್ಮತವಾಗಿರಬಹುದು. ಅಂತಃಕರಣಕ್ಕೆ ಸಮ್ಮತವಾಗುವ ಮಾತಲ್ಲ.

ನಮ್ಮ ನಾಡೂ ಈ ಲಜ್ಜೆಯಿಂದ ಮುಕ್ತವಲ್ಲ. ನಿಷೇಧದ ಆಜ್ಞೆ ಹೊರಟು ಮೂರು ದಶಕಗಳೇ ಕಳೆದಿದ್ದ ಮೇಲೆ, 2010ರ ಜುಲೈಯಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನ ಭಂಗಿ ಸಮುದಾಯದವರು ತಮ್ಮ ವಸತಿಯ ತೆರವಿನ ಭೀತಿಯಿಂದ ಬೇಸತ್ತು, ಬೇರೆ ದಾರಿ ಕಾಣದೆ, ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆಯೇ ಸುರಿದುಕೊಂಡು ಪ್ರತಿಭಟಿಸಿದರು. ಆ ಚಿತ್ರವನ್ನು ಪತ್ರಿಕೆಗಳಲ್ಲಿ ಕಂಡ ಬಳಿಕವಷ್ಟೇ ಅನೇಕರಿಗೆ ಅಲ್ಲಿ ಅಂಥ ಜನರಿದ್ದಾರೆಂಬುದೇ ಗೊತ್ತಾಯಿತು. ತಮ್ಮ ಇರವನ್ನು ತಿಳಿಸುವುದಕ್ಕೆ ಮನುಷ್ಯರು ಅಷ್ಟು ದೂರ ಹೋಗಬೇಕಾಯಿತೆಂದರೆ, ವರ್ಷವಿಡೀ ಅವರ ಬಾಗಿಲಿಗೆ ಹೋಗಿ ವಿಚಾರಿಸತಕ್ಕವರ ಅಗತ್ಯ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಂಥ ಸಂಘಟನೆಗಳು ಪರದೇಶಗಳಲ್ಲಿ ದೇಶದ ಮಾನ ಕಳೆಯುತ್ತವೆಂಬ ಆಕ್ಷೇಪವನ್ನು ಆಗಾಗ ಕೇಳುತ್ತೇವೆ. ಅವುಗಳ ಅಂಕಿ ಅಂಶಗಳೂ ಕಠಿಣ ಪರಿಶೀಲನೆಗೆ ಒಳಪಡತಕ್ಕವೇ. ಅತಿಶಯೋಕ್ತಿ ಮಾಡುವವರು ನೊಂದವರಿಗೇ ದ್ರೋಹ ಬಗೆಯುತ್ತಾರೆ. ಆದರೆ ಭಾರತವು 1997ರಲ್ಲಿ ಸಹಿ ಹಾಕಿದ ಚಿತ್ರಹಿಂಸೆ ವಿರೋಧಿ ಒಡಂಬಡಿಕೆಯನ್ನು ಇನ್ನೂ ಸ್ಥಿರೀಕರಿಸದೆ, ಪ್ರತಿಯೊಂದು ಪರಾಮರ್ಶೆಯಲ್ಲಿಯೂ ಅದೇ ಸಲಹೆಯನ್ನು ಕೇಳಿಸಿಕೊಳ್ಳಬೇಕಾಗಿ ಬಂದಿರುವುದರಿಂದ ಹೋಗುವ ಮಾನ, ಸತ್ಯ ಹೇಳಿದವರಿಂದ ಹೋಗುವುದೆಂದು ನಾನು ನಂಬಲಾರೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಗೆ 2020ರಲ್ಲಿ ತಂದ ತಿದ್ದುಪಡಿಯು, ಒಂದು ಸಂಸ್ಥೆ ತಾನು ಪಡೆದ ದೇಣಿಗೆಯನ್ನು ಇನ್ನೊಂದರೊಂದಿಗೆ ಹಂಚಿಕೊಳ್ಳದಂತೆ ತಡೆದು, ತಾಲ್ಲೂಕು ಮಟ್ಟದಲ್ಲಿ ಎಣಿಕೆಯ ಕೆಲಸ ಮಾಡುವ ಸಣ್ಣ ಸಂಘಗಳ ಒಂದು ಆಸರೆಯನ್ನು ಕಿತ್ತುಕೊಂಡಿದೆ. ಆ ನಿರ್ಬಂಧವನ್ನು ಸಡಿಲಿಸಬೇಕು. ಮುಂದಿನ ಪರಾಮರ್ಶೆಗೆ ಕಳುಹಿಸುವ ವರದಿಯ ಕರಡನ್ನು ರಾಜ್ಯಭಾಷೆಗಳಲ್ಲಿ ಪ್ರಕಟಿಸಿ ಜನರ ಆಕ್ಷೇಪಗಳನ್ನು ಆಹ್ವಾನಿಸಬೇಕು.

ಓದುಗರಲ್ಲಿಯೂ ಒಂದು ವಿನಂತಿ. ಸುರಕ್ಷಾ ಸಾಧನಗಳಿಲ್ಲದೆ ಮನುಷ್ಯನನ್ನು ಮ್ಯಾನ್‌ಹೋಲಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸುವುದು 2013ರ ಕಾನೂನಿನ ಪ್ರಕಾರ ಮೊದಲ ಸಲವೇ ಎರಡು ವರ್ಷಗಳವರೆಗಿನ ಸೆರೆವಾಸಕ್ಕೆ ಆಸ್ಪದವಾಗುವ ಅಪರಾಧ. ಇಳಿಸಿದವನು ಗುತ್ತಿಗೆದಾರನಾದರೂ ಸರಿಯೆ, ಮನೆಯ ಯಜಮಾನನಾದರೂ ಸರಿಯೆ. ನಿಮ್ಮ ಬೀದಿಯಲ್ಲಿ ಅಂಥದನ್ನು ಕಂಡರೆ ತಡೆಯಿರಿ. ದಿನ, ಸ್ಥಳ, ಕೆಲಸ ಮಾಡಿಸಿದವರ ಹೆಸರು ಇವುಗಳನ್ನು ಬರೆದು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಗೆ ಕೊಡಿ, ಅದರ ಪ್ರತಿಯೊಂದನ್ನು ನಿಮ್ಮ ಊರಿನ ಪೌರಕಾರ್ಮಿಕರ ಸಂಘಕ್ಕೂ ತಲುಪಿಸಿ.