ಬಿಲ್ಲಿಂಗ್ ತಂತ್ರಾಂಶಗಳ ಯುಪಿಐ ಜೋಡಣೆ ಮತ್ತು ಪ್ರಮಾಣೀಕರಣಕ್ಕೆ ಏಕರೂಪ ನಿಯಮ ಕೋರಿ ಮನವಿ

ಇವರಿಗೆ,
ಮುಖ್ಯ ಪ್ರಧಾನ ವ್ಯವಸ್ಥಾಪಕರು,
ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಇಲಾಖೆ,
ಭಾರತೀಯ ರಿಸರ್ವ್ ಬ್ಯಾಂಕ್, ಮುಂಬೈ
(ಬೆಂಗಳೂರು ಪ್ರಾದೇಶಿಕ ಕಚೇರಿಯ ಮೂಲಕ)

ವಿಷಯ: ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶವನ್ನು ಯುಪಿಐಗೆ ಜೋಡಿಸಿ, ಪರೀಕ್ಷಿಸಿ, ಪ್ರಮಾಣಪತ್ರ ನೀಡುವ ಕ್ರಮದ ಕುರಿತು.

ಮಾನ್ಯರೇ,

ದಾವಣಗೆರೆ, ಹಾವೇರಿ, ಗದಗ, ಹುಬ್ಬಳ್ಳಿ ಭಾಗದ ಔಷಧ ಅಂಗಡಿ, ಕಿರಾಣಿ ಮತ್ತು ರಸಗೊಬ್ಬರ ಮಳಿಗೆಗಳಿಗೆ ಬಿಲ್ಲಿಂಗ್ ತಂತ್ರಾಂಶ ಮಾಡಿಕೊಡುವ ಸಣ್ಣ ತಯಾರಕರು ನಾವು. ನಮ್ಮಲ್ಲಿ ಹೆಚ್ಚಿನವರದು ನಾಲ್ಕೈದು ಜನರ ಕಚೇರಿ. 2016ರ ಏಪ್ರಿಲ್‌ನಲ್ಲಿ ಯುಪಿಐ ಬಂದ ಮೇಲೆ ನಮ್ಮ ಕೆಲಸದ ಸ್ವರೂಪವೇ ಬದಲಾಗಿದೆ. ಬಿಲ್ ಮುದ್ರಿಸಿಕೊಟ್ಟರೆ ಸಾಲದು, ಅದರ ಹಣ ಬಂತೋ ಇಲ್ಲವೋ ಎಂಬುದನ್ನೂ ತಂತ್ರಾಂಶವೇ ಹೇಳಬೇಕೆಂದು ಅಂಗಡಿಯವರು ಕೇಳುತ್ತಾರೆ. ಕೇಳುವುದು ನ್ಯಾಯವೇ. ಅದನ್ನು ನಂಬಿಕೆಯಿಂದ ಹೇಳುವಷ್ಟು ಪರೀಕ್ಷೆ ಮಾಡಿ ನೋಡಲು ಮಾತ್ರ ನಮಗೆ ದಾರಿಯಿಲ್ಲ.

ಔಷಧ ಅಂಗಡಿಯ ಗಲ್ಲಾದ ಮುಂದೆ ಸಂಜೆ ಹೊತ್ತು ನಡೆಯುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ಬಿಲ್ 640 ರೂಪಾಯಿ. ಗ್ರಾಹಕರು ಕ್ಯೂಆರ್ ಸ್ಕ್ಯಾನ್ ಮಾಡುತ್ತಾರೆ, ಅವರ ಮೊಬೈಲ್‌ನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ, ಅಂಗಡಿಯ ಕಂಪ್ಯೂಟರ್ ‘ಬಾಕಿ’ ಎನ್ನುತ್ತದೆ, ಸೌಂಡ್‌ಬಾಕ್ಸ್ ಮಾತಾಡುವುದಿಲ್ಲ. ಬ್ಯಾಂಕಿನಿಂದ ನಮ್ಮ ಸರ್ವರ್‌ಗೆ ಬರಬೇಕಾದ ಸಂದೇಶ ಬಂದಿಲ್ಲ. ಹಿಂದೆ ಸಾಲು ಬೆಳೆಯುತ್ತದೆ. ಇನ್ಸುಲಿನ್‌ಗೆಂದು ಬಂದ ಆ ಹಿರಿಯರು ಸಂಕೋಚಪಟ್ಟುಕೊಂಡು ಇನ್ನೊಮ್ಮೆ ಪಿನ್ ಒತ್ತುತ್ತಾರೆ. ಸ್ವಲ್ಪ ಹೊತ್ತಿಗೆ ಎರಡೂ ಪಾವತಿ ಜಮೆಯಾಗುತ್ತವೆ. ಖಾತೆಯಿಂದ ಹಣ ಹೋಗಿ ವ್ಯಾಪಾರಿಗೆ ದೃಢೀಕರಣ ತಲುಪದಿದ್ದರೆ ಐದು ದಿನದೊಳಗೆ ಹಣ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು 2019ರ ಸೆಪ್ಟೆಂಬರ್ 20ರ ತಮ್ಮ ಸುತ್ತೋಲೆ ಹೇಳುತ್ತದೆ. ಒಳ್ಳೆಯ ನಿಯಮ. ಆದರೆ ಈ ಹಿರಿಯರ ಎರಡೂ ಪಾವತಿಗಳು ಬ್ಯಾಂಕಿನ ಲೆಕ್ಕದಲ್ಲಿ ಯಶಸ್ವಿಯಾಗಿವೆ. ಹಾಗಾಗಿ ಆ ರಕ್ಷಣೆ ಅವರಿಗೆ ದಕ್ಕುವುದಿಲ್ಲ. ಅಂಗಡಿಯವರು ರಾತ್ರಿ ಲೆಕ್ಕ ತಾಳೆ ನೋಡುವಾಗ ಗಮನಿಸಿ ವಾಪಸ್ ಕೊಟ್ಟರೆ ಉಂಟು.

ಇಂಥ ಹೊತ್ತಿನಲ್ಲಿ ತಂತ್ರಾಂಶ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲೇ ಪರೀಕ್ಷಿಸುವುದೇ ಪ್ರಮಾಣೀಕರಣದ ಉದ್ದೇಶವಾಗಬೇಕು. ನಮಗೆ ಸಿಗುವ ಪರೀಕ್ಷಾ ಸರ್ವರ್‌ಗಳಲ್ಲಿ ಬಹುತೇಕ ಇರುವುದು ಎರಡೇ ಉತ್ತರ: ಯಶಸ್ವಿ, ವಿಫಲ. ಸಂದೇಶ ಹತ್ತು ನಿಮಿಷ ತಡವಾಗಿ ಬಂದರೆ? ಒಂದೇ ಸಂದೇಶ ಎರಡು ಸಲ ಬಂದರೆ? ‘ಬಾಕಿ’ ಎಂದದ್ದು ಬಿಲ್ ರದ್ದಾದ ಮೇಲೆ ‘ಯಶಸ್ವಿ’ಯಾದರೆ? ಇವನ್ನೆಲ್ಲ ನಾವು ಕಲಿಯುವುದು ನಿಜವಾದ ಗ್ರಾಹಕರ ನಿಜವಾದ ಹಣದ ಮೇಲೆ. ಇದು ತಪ್ಪಬೇಕು. ಯುಪಿಐಯನ್ನು ನಡೆಸುವ ಎನ್‌ಪಿಸಿಐ ವತಿಯಿಂದ ಎಲ್ಲ ತಯಾರಕರಿಗೂ ತೆರೆದಿರುವ ಒಂದು ಪರೀಕ್ಷಾ ಸರ್ವರ್ ಆಗಬೇಕು, ಮೇಲಿನ ಸಂದರ್ಭಗಳನ್ನು ಬೇಕೆಂದಾಗ ಅದರಲ್ಲಿ ಉಂಟುಮಾಡಿ ನೋಡುವಂತಿರಬೇಕು, ಅವುಗಳಲ್ಲಿ ತೇರ್ಗಡೆಯಾಗದ ತಂತ್ರಾಂಶಕ್ಕೆ ಪ್ರಮಾಣಪತ್ರ ಸಿಗಬಾರದು ಎಂಬುದು ನಮ್ಮ ಮುಖ್ಯ ಬೇಡಿಕೆ.

ಇದು ಸಣ್ಣವರ ಅನುಕೂಲದ ಮಾತಷ್ಟೇ ಅಲ್ಲ. 2025ರ ಏಪ್ರಿಲ್ 12ರಂದು ಯುಪಿಐ ದೇಶದಾದ್ಯಂತ ಗಂಟೆಗಟ್ಟಲೆ ಅಸ್ತವ್ಯಸ್ತಗೊಂಡಿತು. ಹಣ ಹೋಯಿತೇ ಎಂದು ಮತ್ತೆ ಮತ್ತೆ ವಿಚಾರಿಸುವ ಕೋರಿಕೆಗಳು ಮಿತಿಮೀರಿ ಬಂದದ್ದೇ ಅದಕ್ಕೆ ಕಾರಣವೆಂದು ತಿಳಿದುಬಂತು. ಆಮೇಲೆ ವಿಚಾರಣೆಗೆ ಮಿತಿ ಹಾಕಲಾಯಿತು. ಮಿತಿಯನ್ನು ನಾವು ಒಪ್ಪುತ್ತೇವೆ. ಎಷ್ಟು ಹೊತ್ತಿಗೆ ಕೇಳಬೇಕು, ಎಷ್ಟು ಸಲ ಕೇಳಿ ನಿಲ್ಲಿಸಬೇಕು ಎಂಬುದು ಅಂಗಡಿಯ ತಂತ್ರಾಂಶದ ಪರೀಕ್ಷೆಯಲ್ಲೂ ಕಡ್ಡಾಯವಾಗಲಿ.

ಇನ್ನೊಂದು ತೊಡಕು, ಬ್ಯಾಂಕಿಗೊಂದು ಪದ್ಧತಿ. ಒಂದು ಬ್ಯಾಂಕಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ತಂತ್ರಾಂಶವನ್ನೇ ಅಂಗಡಿಯವರು ಖಾತೆ ಬದಲಿಸಿದ ಮಾತ್ರಕ್ಕೆ ಇನ್ನೊಂದು ಬ್ಯಾಂಕಿನ ಮುಂದೆ ಮೊದಲಿನಿಂದ ಒಡ್ಡಬೇಕು. ಅರ್ಜಿ ಯಾರ ಮೇಜಿನ ಮೇಲಿದೆ ಎಂದು ತಿಳಿಯದೆ ತಿಂಗಳುಗಳು ಕಳೆಯುತ್ತವೆ. 2020ರ ಜನವರಿಯಿಂದ ಯುಪಿಐ ಪಾವತಿಗೆ ವ್ಯಾಪಾರಿ ಶುಲ್ಕವಿಲ್ಲ. ಜನರಿಗೆ ಇದರಿಂದ ಬಹಳ ಒಳ್ಳೆಯದಾಗಿದೆ. ಆದರೆ ಆದಾಯವಿಲ್ಲದ ಕೆಲಸಕ್ಕೆ ಬ್ಯಾಂಕುಗಳು ಸಿಬ್ಬಂದಿ ಕೊಡುವುದಿಲ್ಲ ಎಂಬುದು ನಮ್ಮ ಅನುಭವ, ತಾವು ಹೇಳದೆ ಅವು ಬದಲಾಗಲಾರವು. ಆದ್ದರಿಂದ ಒಮ್ಮೆ ಪಡೆದ ಪ್ರಮಾಣಪತ್ರ ಎಲ್ಲ ಬ್ಯಾಂಕುಗಳಲ್ಲೂ ನಡೆಯಬೇಕು. ಅರ್ಜಿ ಹಾಕಿದ 15 ಕೆಲಸದ ದಿನಗಳಲ್ಲಿ ತೀರ್ಮಾನ ತಿಳಿಸಬೇಕು, ತಿರಸ್ಕರಿಸಿದರೆ ಕಾರಣವನ್ನು ಬರೆದುಕೊಡಬೇಕು.

ಇವಲ್ಲದೆ, ಬ್ಯಾಂಕುಗಳು ಸರ್ವರ್ ವಿಳಾಸ, ಡಿಜಿಟಲ್ ಸರ್ಟಿಫಿಕೇಟ್ ಮುಂತಾದವನ್ನು ಬದಲಿಸುವ ಮುನ್ನ 30 ದಿನಗಳ ಸೂಚನೆ ಬೇಕು. ದಸರಾ, ದೀಪಾವಳಿಯ ವಾರಗಳಲ್ಲಿ ಬದಲಾವಣೆ ಬೇಡ. ಕಾರ್ಡ್ ಸಂಖ್ಯೆಯನ್ನು ಮುಟ್ಟದೆ, ಸ್ವೈಪ್ ಯಂತ್ರಕ್ಕೆ ಮೊತ್ತವನ್ನಷ್ಟೇ ಕಳಿಸುವ ತಂತ್ರಾಂಶಕ್ಕೆ ಪೂರ್ಣ ಪಿಸಿಐ (ಕಾರ್ಡ್ ಭದ್ರತಾ ಮಾನದಂಡ) ಲೆಕ್ಕಪರಿಶೋಧನೆ ಕೇಳುವುದನ್ನು ಕೈಬಿಡಬೇಕು. ಪಾವತಿ ಏಕೆ ಆಗಲಿಲ್ಲ ಎಂಬ ಸಂದೇಶ ಅಂಗಡಿಯವರಿಗೆ ಕನ್ನಡದಲ್ಲಿ ಕಾಣಬೇಕು. ಈಗ ಬರುವ ಸಂಕೇತಗಳಲ್ಲಿ ಝಡ್‌9 ಎಂದರೆ ಖಾತೆಯಲ್ಲಿ ಹಣ ಸಾಲದು, ಝಡ್‌ಎಂ ಎಂದರೆ ಪಿನ್ ತಪ್ಪು ಎಂದು ಗಲ್ಲಾದಲ್ಲಿ ಕೂತ ಹುಡುಗನಿಗೆ ಯಾರು ಹೇಳಬೇಕು?

ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆ, 2007ರ 10 ಮತ್ತು 18ನೇ ಸೆಕ್ಷನ್‌ಗಳಡಿ ಮಾನದಂಡ ನಿಗದಿಪಡಿಸುವ, ನಿರ್ದೇಶನ ನೀಡುವ ಅಧಿಕಾರ ತಮಗಿದೆ. ಅದನ್ನು ಬಳಸಿ ಎನ್‌ಪಿಸಿಐ ಮತ್ತು ಬ್ಯಾಂಕುಗಳಿಗೆ ಸೂಚನೆ ಹೊರಡಿಸಬೇಕೆಂದು ಕೋರುತ್ತೇವೆ. ಬೆಂಗಳೂರು ಕಚೇರಿಯಲ್ಲಿ ಸಭೆ ಕರೆದರೆ ಎರಡೆರಡು ಸಲ ಕಡಿತವಾದ ಪಾವತಿಗಳ ದಾಖಲೆಗಳೊಂದಿಗೆ, ಅಂಗಡಿಯವರನ್ನೂ ಕರೆದುಕೊಂಡು ಬರುತ್ತೇವೆ.


ತಮ್ಮ ವಿಶ್ವಾಸಿಗಳು,
ಸಹಿ ಮಾಡಿರುವ ಬಿಲ್ಲಿಂಗ್ ತಂತ್ರಾಂಶ ತಯಾರಕರು
ಸ್ಥಳ: ದಾವಣಗೆರೆ