ಪಾಠವನ್ನು ತಿದ್ದುವ ಅಧಿಕಾರ ಯಾರದು?

ವಿದ್ಯಾಸಂಸ್ಥೆಯೊಂದರ ವಾರ್ಷಿಕ ಸಂಚಿಕೆಯನ್ನು ತೆರೆದು ನೋಡಿದರೆ ಆ ವರ್ಷ ಕಟ್ಟಿದ ಕೊಠಡಿಗಳು, ಉತ್ತೀರ್ಣರಾದ ವಿದ್ಯಾರ್ಥಿಗಳ ಸಂಖ್ಯೆ, ಕ್ರೀಡೆಯಲ್ಲಿ ಗಳಿಸಿದ ಪಾರಿತೋಷಕಗಳು, ಉದಾರ ದಾನಿಗಳ ನಾಮಾವಳಿ ಇವೆಲ್ಲ ದೊರೆಯುತ್ತವೆ. ಇವೆಲ್ಲವೂ ಇರಬೇಕಾದವೇ. ಆದರೆ ಆ ವರ್ಷ ಯಾವ ಪಾಠವನ್ನು ಕೈಬಿಡಲಾಯಿತು, ಯಾವುದನ್ನು ಹೊಸದಾಗಿ ಸೇರಿಸಲಾಯಿತು, ಯಾರು ಯಾರು ಕೂಡಿ ಆಲೋಚಿಸಿ ಆ ತೀರ್ಮಾನಕ್ಕೆ ಬಂದರು ಎಂಬ ವಿವರ ಮಾತ್ರ ಅಪರೂಪ. ಕಟ್ಟಡ ಕಣ್ಣಿಗೆ ಕಾಣುತ್ತದೆ, ಪಾಠಕ್ರಮ ಕಾಣುವುದಿಲ್ಲ. ಆದರೂ ವಿದ್ಯಾರ್ಥಿಯು ಶಾಲೆ ಬಿಟ್ಟು ಹೊರಟಾಗ ತನ್ನೊಡನೆ ಒಯ್ಯುವುದು ಆ ಕಾಣದ ವಸ್ತುವನ್ನೇ. ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿರಬೇಕು, ಆ ಅಧಿಕಾರವನ್ನು ಹೇಗೆ ನಡೆಸಬೇಕು ಎಂಬ ಪ್ರಶ್ನೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಚಾರದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸಮುದಾಯ ಕಾಲೇಜುಗಳ ಪದ್ಧತಿ ಗಮನಿಸತಕ್ಕದ್ದಾಗಿದೆ. ಅಲ್ಲಿ 1907ರ ಶಾಸನವೊಂದು ಪ್ರೌಢಶಾಲೆಗಳಿಗೆ ಮುಂದಿನ ತರಗತಿಗಳನ್ನೂ ನಡೆಸುವ ಅವಕಾಶ ಕೊಟ್ಟಿತು. ಅದರ ಫಲವಾಗಿ 1910ರಲ್ಲಿ ಫ್ರೆಸ್ನೊ ನಗರದಲ್ಲಿ ಮೊದಲ ಕಾಲೇಜು ಆರಂಭವಾಯಿತು. ಇಂದು ಆ ರಾಜ್ಯದಲ್ಲಿ 73 ಕಾಲೇಜು ಜಿಲ್ಲೆಗಳಿದ್ದು, ಅವುಗಳ ಆಶ್ರಯದಲ್ಲಿ 116 ಕಾಲೇಜುಗಳಿವೆ. ಇವು ಮುಖ್ಯವಾಗಿ ಎರಡು ವರ್ಷದ ವ್ಯಾಸಂಗದ ಸಂಸ್ಥೆಗಳು. ಇಲ್ಲಿ ಓದಿದವರು ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಬಹುದು, ಇಲ್ಲವೆ ದಾದಿಯ ವೃತ್ತಿ, ಬೆಸುಗೆ, ಮೋಟಾರು ದುರಸ್ತಿ ಮೊದಲಾದ ಕಸಬುಗಳನ್ನು ಕಲಿತು ಕೆಲಸಕ್ಕೆ ಹೋಗಬಹುದು. ಪ್ರವೇಶದ ಬಾಗಿಲು ಎಲ್ಲರಿಗೂ ತೆರೆದಿದೆ. ಹಗಲು ದುಡಿದು ಸಂಜೆ ಓದುವವರು, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಹಳ್ಳಿಯ ಮಕ್ಕಳಿಗಾಗಿ ಹುಟ್ಟಿ ಬೆಳೆದ ನಮ್ಮ ಸಂಸ್ಥೆಗಳಿಗೆ ಇಂಥ ಕಾಲೇಜುಗಳ ಅನುಭವ ದೂರದ್ದೆನಿಸದು.

ಅಲ್ಲಿ ಹೊಸ ಪಾಠವೊಂದನ್ನು ತೆರೆಯಬೇಕಾದರೆ, ಅಥವಾ ಇರುವ ಪಾಠವನ್ನು ತಿದ್ದಬೇಕಾದರೆ, ಕೆಲಸ ಸಾಮಾನ್ಯವಾಗಿ ಆ ವಿಷಯವನ್ನು ಬೋಧಿಸುವ ಅಧ್ಯಾಪಕನ ಮೇಜಿನಿಂದ ಆರಂಭವಾಗುತ್ತದೆ. ಅವನು ಪಾಠದ ಅಧಿಕೃತ ರೂಪರೇಖೆಯನ್ನು ಬರೆಯುತ್ತಾನೆ. ಪಾಠದ ಉದ್ದೇಶವೇನು, ಯಾವ ವಿಷಯಗಳನ್ನು ಬೋಧಿಸಲಾಗುವುದು, ವಿದ್ಯಾರ್ಥಿ ಏನನ್ನು ಓದಬೇಕು, ಏನನ್ನು ಬರೆಯಬೇಕು, ಅವನ ಕಲಿಕೆಯನ್ನು ಹೇಗೆ ಅಳೆಯಲಾಗುವುದು, ಈ ಪಾಠಕ್ಕೆ ಬರುವ ಮುನ್ನ ಅವನು ಏನನ್ನು ಕಲಿತಿರಬೇಕು, ಇವೆಲ್ಲವೂ ಅದರಲ್ಲಿ ಸ್ಪಷ್ಟವಾಗಿರಬೇಕು. ಪಾಠದ ತೂಕವನ್ನು ಯೂನಿಟ್ಟುಗಳಲ್ಲಿ ಹೇಳುತ್ತಾರೆ. ಒಂದು ಯೂನಿಟ್ ಎಂದರೆ ತರಗತಿಯ ಹೊತ್ತು, ಮನೆಯ ಅಭ್ಯಾಸದ ಹೊತ್ತು ಎರಡೂ ಸೇರಿ ವಿದ್ಯಾರ್ಥಿಯ ಕನಿಷ್ಠ 48 ಗಂಟೆಗಳ ದುಡಿಮೆ. ಮೂರು ಯೂನಿಟ್ಟುಗಳ ಪಾಠವೊಂದನ್ನು ಸೇರಿಸುವುದೆಂದರೆ ಪ್ರತಿಯೊಬ್ಬ ವಿದ್ಯಾರ್ಥಿಯ ಬಾಳಿನಿಂದ 144 ಗಂಟೆಗಳನ್ನು ಕೇಳಿದಂತೆ. ಹೀಗೆ ಲೆಕ್ಕ ಹಾಕಿದಾಗಲೇ ಪಾಠದ ಬೆಲೆ ನಮಗೆ ಗೊತ್ತಾಗುವುದು.

ಈ ರೂಪರೇಖೆ ಬಳಿಕ ಪಾಠಕ್ರಮ ಸಮಿತಿಯ ಮುಂದೆ ಬರುತ್ತದೆ. ಸಮಿತಿಯಲ್ಲಿ ಬೇರೆ ಬೇರೆ ವಿಭಾಗಗಳ ಅಧ್ಯಾಪಕರಿರುತ್ತಾರೆ. ಗಣಿತದವರು ಬರೆದುದನ್ನು ಇತಿಹಾಸದವರು ಓದುತ್ತಾರೆ, ಸಂಗೀತದವರು ಬರೆದುದನ್ನು ರಸಾಯನಶಾಸ್ತ್ರದವರು ಪ್ರಶ್ನಿಸುತ್ತಾರೆ. ವಿಷಯ ತಿಳಿಯದವರಿಂದ ಏನು ಪರಿಶೀಲನೆ ಎಂದು ಕೆಲವರಿಗೆ ತೋರಬಹುದು. ಆದರೆ ವಿಷಯ ತಿಳಿಯದವನ ಪ್ರಶ್ನೆಯೇ ಹಲವೊಮ್ಮೆ ವಿದ್ಯಾರ್ಥಿಯ ಪ್ರಶ್ನೆಯಾಗಿರುತ್ತದೆ. "ಇದನ್ನು ಕಲಿಯಲು ಅದನ್ನು ಮೊದಲು ಕಲಿತಿರಲೇಬೇಕೇ?" ಎಂದು ಹೊರಗಿನವನು ಕೇಳಿದಾಗ, ಒಳಗಿನವನು ತಾನು ರೂಢಿಯಿಂದ ಬರೆದ ನಿಬಂಧನೆಗೆ ಕಾರಣ ಹುಡುಕಬೇಕಾಗುತ್ತದೆ. ಹೊಸ ವ್ಯಾಸಂಗಕ್ರಮವಾದರೆ ಐದು ಅಳತೆಗಳನ್ನು ಹಿಡಿದು ನೋಡುತ್ತಾರೆ: ಅದು ಕಾಲೇಜಿನ ಧ್ಯೇಯಕ್ಕೆ ಒಪ್ಪುತ್ತದೆಯೇ, ಅದರ ಅಗತ್ಯವಿದೆಯೇ, ಪಾಠದ ಗುಣಮಟ್ಟ ಸರಿಯಿದೆಯೇ, ಅದನ್ನು ನಡೆಸಲು ಬೇಕಾದ ಅಧ್ಯಾಪಕರೂ ಸಾಧನಗಳೂ ಇವೆಯೇ, ಕಾನೂನಿಗೆ ಅನುಗುಣವಾಗಿದೆಯೇ.

ಸಮಿತಿ ಶಿಫಾರಸು ಮಾಡಿದ ಮೇಲೆ ಜಿಲ್ಲೆಯ ಮತದಾರರಿಂದ ಚುನಾಯಿತವಾದ ಆಡಳಿತ ಮಂಡಳಿ ಅಂಗೀಕಾರ ನೀಡುತ್ತದೆ. ಮಂಡಳಿಯ ಸಭೆ ಬಹಿರಂಗ ಸಭೆ. ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮುಂಚಿತವಾಗಿ ಪ್ರಕಟಿಸಬೇಕೆಂಬ ಕಾನೂನಿದೆ. ಅಂಗೀಕಾರವಾದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಪೂರ್ವವ್ಯಾಸಂಗದ ನಿಬಂಧನೆಗಳನ್ನು ಆರು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲಿಸಬೇಕು. ವೃತ್ತಿಶಿಕ್ಷಣದ ಪಾಠಗಳಲ್ಲಿ ಎರಡು ವರ್ಷಕ್ಕೊಮ್ಮೆ. ಕಸಬುಗಳು ಬೇಗ ಬದಲಾಗುವುದರಿಂದ ಈ ಭೇದ.

ಆಡಳಿತ ಮಂಡಳಿಗೆ ಅಂತಿಮ ಅಧಿಕಾರವಿದ್ದೂ ಅಧ್ಯಾಪಕರ ಮಾತಿಗೆ ಇಷ್ಟು ತೂಕ ಬಂದದ್ದು ಹೇಗೆ? 1988ರಲ್ಲಿ ಅಲ್ಲಿನ ಶಾಸನಸಭೆ ಅಂಗೀಕರಿಸಿದ ಅಸೆಂಬ್ಲಿ ಮಸೂದೆ 1725 ಅಧ್ಯಾಪಕ ಸಭೆಗಳ ಸ್ಥಾನವನ್ನು ಬಲಪಡಿಸಿತು. ಅದರ ತರುವಾಯ ಬಂದ ನಿಯಮಗಳು ಶೈಕ್ಷಣಿಕ ವಿಷಯಗಳನ್ನು ಪಟ್ಟಿ ಮಾಡಿದವು. ಆ ಪಟ್ಟಿಯ ಮೊದಲನೆಯದೇ ಪಾಠಕ್ರಮ. ಇಂಥ ವಿಷಯಗಳಲ್ಲಿ ಮಂಡಳಿಯು ಅಧ್ಯಾಪಕ ಸಭೆಯ ಸಲಹೆಯನ್ನೇ ಮುಖ್ಯವಾಗಿ ಅವಲಂಬಿಸಬೇಕು, ಇಲ್ಲವೆ ಅದರೊಡನೆ ಪರಸ್ಪರ ಒಪ್ಪಿಗೆಗೆ ಬರಬೇಕು. ಹಣ, ಕಟ್ಟಡ, ಕಾನೂನು ಇವುಗಳ ಹೊಣೆ ಹೊತ್ತವರು ಮೇಲೆ ಕುಳಿತಿದ್ದಾರೆ ನಿಜ. ಆದರೆ ತರಗತಿಯಲ್ಲಿ ವಿದ್ಯಾರ್ಥಿಯ ಮುಖವನ್ನು ದಿನವೂ ಕಾಣುವವನ ಅರಿವು ಅವರಿಗೆ ದೊರೆಯದೆಂಬುದನ್ನು ಅಲ್ಲಿನ ಕಾನೂನೇ ಒಪ್ಪಿಕೊಂಡಿತು.

ಇಲ್ಲಿಗೆ ಲೇಖನವನ್ನು ನಿಲ್ಲಿಸಿದರೆ ಅದು ಕೇವಲ ಹೊಗಳಿಕೆಯಾದೀತು. ಈ ಪದ್ಧತಿ ಎಡವಿದ್ದೂ ಉಂಟು, ಅದನ್ನು ಹೇಳದೆ ಬಿಟ್ಟರೆ ಅಧ್ಯಾಪಕರಾದ ನಾವು ನಮ್ಮನ್ನೇ ವಂಚಿಸಿಕೊಂಡಂತೆ.

ಆ ಕಾಲೇಜುಗಳಿಗೆ ಹೊಸದಾಗಿ ಬಂದವರಿಗೆ ಬಹುಕಾಲ ಇಂಗ್ಲಿಷ್ ಮತ್ತು ಗಣಿತಗಳಲ್ಲಿ ಒಂದು ಪರೀಕ್ಷೆ ಇಡುತ್ತಿದ್ದರು. ಅದರಲ್ಲಿ ಹಿಂದೆ ಬಿದ್ದವರನ್ನು ಕಾಲೇಜು ಮಟ್ಟಕ್ಕಿಂತ ಕೆಳಗಿನ ಸಿದ್ಧತಾ ತರಗತಿಗಳಿಗೆ ಕಳುಹಿಸುತ್ತಿದ್ದರು. ಕೆಲವರು ಒಂದು ಮೆಟ್ಟಿಲು ಕೆಳಗಿದ್ದರೆ, ಕೆಲವರು ಎರಡು, ಮೂರು ಮೆಟ್ಟಿಲು ಕೆಳಗೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ಸೆಮಿಸ್ಟರ್. ಉದ್ದೇಶ ಒಳ್ಳೆಯದೇ: ತಳಪಾಯ ಗಟ್ಟಿಯಾಗಲಿ ಎಂಬುದು. ಆದರೆ ಲೆಕ್ಕವನ್ನು ನೋಡೋಣ. ಪ್ರತಿಯೊಂದು ಮೆಟ್ಟಿಲಲ್ಲೂ ನೂರಕ್ಕೆ 70 ಮಂದಿ ದಾಟಿ ಮುಂದಿನದಕ್ಕೆ ಸೇರುತ್ತಾರೆಂದು ಊಹಿಸಿದರೂ, ಮೂರು ಮೆಟ್ಟಿಲು ಕಳೆಯುವ ಹೊತ್ತಿಗೆ ಉಳಿಯುವವರು 34 ಮಂದಿ. ಅನುತ್ತೀರ್ಣರಾದವರು ಮಾತ್ರ ಹಿಂದೆ ಉಳಿದರೆಂದಲ್ಲ. ಉತ್ತೀರ್ಣರಾಗಿಯೂ ಮುಂದಿನ ತರಗತಿಗೆ ಬಾರದವರಿದ್ದರು. ಅಷ್ಟರಲ್ಲಿ ಹಣ ಮುಗಿದಿತ್ತು, ಮನೆಯ ಹೊರೆ ಹೆಗಲೇರಿತ್ತು, ಇಲ್ಲವೆ ಉತ್ಸಾಹ ಬತ್ತಿತ್ತು. ಬಡವರ ಮಕ್ಕಳೇ ಇದರಿಂದ ಹೆಚ್ಚು ನೊಂದರು.

ಗಮನಿಸಬೇಕಾದ ಮಾತೆಂದರೆ, ಆ ತರಗತಿಗಳೆಲ್ಲ ಕ್ರಮಬದ್ಧವಾಗಿಯೇ ಮಂಜೂರಾಗಿದ್ದವು. ಒಂದೊಂದು ಪಾಠವನ್ನೂ ಬಿಡಿಬಿಡಿಯಾಗಿ ನೋಡಿದಾಗ ದೋಷ ಕಾಣುತ್ತಿರಲಿಲ್ಲ. ಮೆಟ್ಟಿಲುಗಳನ್ನು ಪರೀಕ್ಷಿಸಿದರು, ಏಣಿ ಎಷ್ಟು ಉದ್ದವಾಯಿತೆಂಬುದನ್ನು ಅಳೆಯಲಿಲ್ಲ. ಕಡೆಗೆ 2017ರಲ್ಲಿ ಶಾಸನಸಭೆಯೇ ಅಸೆಂಬ್ಲಿ ಮಸೂದೆ 705ರ ಮೂಲಕ ಮಧ್ಯೆ ಪ್ರವೇಶಿಸಿತು. ವಿದ್ಯಾರ್ಥಿಯು ಒಂದು ವರ್ಷದೊಳಗೆ ಕಾಲೇಜು ಮಟ್ಟದ ಇಂಗ್ಲಿಷ್ ಹಾಗೂ ಗಣಿತವನ್ನು ಮುಗಿಸುವ ಸಂಭವವನ್ನು ಆದಷ್ಟು ಹೆಚ್ಚಿಸಬೇಕು, ಅವನ ಪ್ರೌಢಶಾಲೆಯ ಸಾಧನೆಯನ್ನು ಆಧಾರವಾಗಿಟ್ಟುಕೊಳ್ಳಬೇಕು ಎಂದು ಅದು ವಿಧಿಸಿತು. 2019ರಿಂದ ಅದು ಪೂರ್ಣವಾಗಿ ಜಾರಿಗೆ ಬಂದಿತು. ನೇರವಾಗಿ ಕಾಲೇಜು ಮಟ್ಟದ ಪಾಠಕ್ಕೆ ಸೇರಿ ಒಂದು ವರ್ಷದಲ್ಲಿ ಅದನ್ನು ಮುಗಿಸಿದವರ ಸಂಖ್ಯೆ ಗಣನೀಯವಾಗಿ ಏರಿತು. ಅನುತ್ತೀರ್ಣರಾದವರೂ ಉಂಟು, ಅವರಿಗೆ ಯಾವ ನೆರವು ಬೇಕೆಂಬ ಚರ್ಚೆ ಇನ್ನೂ ನಡೆದಿದೆ. 2022ರಲ್ಲಿ ಬಂದ ಮತ್ತೊಂದು ಶಾಸನ ಈ ನಿಯಮವನ್ನು ಇನ್ನಷ್ಟು ಬಿಗಿಗೊಳಿಸಿತು. ಅಧ್ಯಾಪಕರ ಹಕ್ಕಿನಲ್ಲಿ ಸರ್ಕಾರ ಕೈಹಾಕಿತೆಂದು ಹಲವು ಅಧ್ಯಾಪಕರು ಬೇಸರಪಟ್ಟರು. ಅವರ ಬೇಸರದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆದರೆ ತಾವೇ ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನು ಅವರು ಸಕಾಲದಲ್ಲಿ ಕೇಳಿಕೊಂಡಿದ್ದರೆ ಇನ್ನೊಬ್ಬರು ಕೇಳುವ ಪ್ರಸಂಗ ಒದಗುತ್ತಿರಲಿಲ್ಲ.

ಹೀಗೆ ಪಾಠವನ್ನು ತಿದ್ದುವ ಹಕ್ಕು ಅಧ್ಯಾಪಕನದೆಂಬುದು ಎಷ್ಟು ನಿಜವೋ, ಆ ತಿದ್ದುಪಡಿ ಎಲ್ಲರಿಗಿಂತ ಹಿಂದೆ ಉಳಿದ ವಿದ್ಯಾರ್ಥಿಯನ್ನು ಎಲ್ಲಿಗೆ ಮುಟ್ಟಿಸಿತೆಂದು ಲೆಕ್ಕ ಒಪ್ಪಿಸುವ ಹೊಣೆಯೂ ಅವನದೆಂಬುದು ಅಷ್ಟೇ ನಿಜ. ಹೊಣೆಯನ್ನು ಮರೆತವನ ಕೈಯಿಂದ ಹಕ್ಕು ತಾನಾಗಿಯೇ ಜಾರುತ್ತದೆ.

ಈಗ ನಮ್ಮ ನಾಡಿನ ಕಡೆ ನೋಡೋಣ. ವಿಶ್ವವಿದ್ಯಾನಿಲಯಕ್ಕೆ ಸೇರಿದ ಸಾಮಾನ್ಯ ಕಾಲೇಜಿನಲ್ಲಿ ಪಾಠಕ್ರಮವನ್ನು ರಚಿಸುವುದು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ. ಸ್ವಾಯತ್ತ ಕಾಲೇಜುಗಳಲ್ಲಿ ಮಾತ್ರ ಕಾಲೇಜಿನದೇ ಅಧ್ಯಯನ ಮಂಡಳಿ, ವಿದ್ಯಾವಿಷಯಕ ಪರಿಷತ್ತು, ಆಡಳಿತ ಮಂಡಳಿ ಎಂಬ ಮೂರು ಹಂತಗಳಿವೆ. ಉಳಿದೆಡೆ ಅಧ್ಯಾಪಕನು ಬಂದುದನ್ನು ಬೋಧಿಸುವವನು. ಕರ್ನಾಟಕದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನನುಸರಿಸಿ ನಾಲ್ಕು ವರ್ಷದ ಪದವಿಯ ಚೌಕಟ್ಟು ಬಂದಿತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಲಾಯಿತು. ಇವೆರಡರಲ್ಲಿ ಯಾವುದು ಮೇಲೆಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಒಂದೇ ಕಾಲೇಜಿನ ಒಂದೇ ಪಡಸಾಲೆಯಲ್ಲಿ ಅಣ್ಣ ಒಂದು ಚೌಕಟ್ಟಿನಲ್ಲಿ, ತಮ್ಮ ಇನ್ನೊಂದು ಚೌಕಟ್ಟಿನಲ್ಲಿ ಓದುವ ಸ್ಥಿತಿ ಒದಗಿತೆಂಬುದನ್ನು ಅಲ್ಲಗಳೆಯಲಾಗದು. ಮೂರು ವರ್ಷಗಳ ಅಂತರದಲ್ಲಿ ಎರಡು ಬಾರಿ ಬುನಾದಿ ಕದಲಿದಾಗ, ಅದರ ಮೇಲೆ ನಿಂತ ಮಕ್ಕಳ ಗತಿಯೇನು ಎಂಬ ಪ್ರಶ್ನೆಗೆ ಎಲ್ಲ ಪಕ್ಷದವರೂ ಉತ್ತರಿಸಬೇಕು.

ಸರ್ಕಾರದ ಪಾಠಕ್ರಮವನ್ನು ನಾವು ಬದಲಿಸಲಾರೆವು ನಿಜ. ಹಾಗೆಂದು ನಮ್ಮ ಕೈಯಲ್ಲಿ ಏನೂ ಇಲ್ಲವೆನ್ನುವುದು ಸರಿಯಲ್ಲ. ಯಾವ ಐಚ್ಛಿಕ ವಿಷಯಗಳನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು, ಯಾವ ಪ್ರಮಾಣಪತ್ರದ ತರಗತಿಗಳನ್ನು ನಡೆಸಬೇಕು, ಕನ್ನಡ ಮಾಧ್ಯಮದ ವಿಭಾಗವನ್ನು ಉಳಿಸಬೇಕೇ ಬೇಡವೇ, ಇವು ಬಹುಮಟ್ಟಿಗೆ ಸಂಸ್ಥೆಗಳೇ ಕೈಗೊಳ್ಳುವ ತೀರ್ಮಾನಗಳು. ಹಲವೆಡೆ ಇಂಥ ತೀರ್ಮಾನಗಳು ಒಂದು ಸಂಜೆಯ ಮಾತುಕತೆಯಲ್ಲಿ ಮುಗಿದುಹೋಗುತ್ತವೆ. ಅಧ್ಯಾಪಕನಿಗೆ ಅದು ತಿಳಿಯುವುದು ವೇಳಾಪಟ್ಟಿ ಕೈಗೆ ಬಂದಾಗ.

ಆದುದರಿಂದ ನಮ್ಮಂಥ ಸಂಸ್ಥೆಗಳು ಒಂದು ಸರಳ ಪದ್ಧತಿಯನ್ನು ರೂಢಿಸಿಕೊಳ್ಳಲೆಂದು ನನ್ನ ವಿನಂತಿ. ಹೊಸ ತರಗತಿಯನ್ನು ತೆರೆಯುವ ಮುನ್ನ, ಹಳೆಯದನ್ನು ಮುಚ್ಚುವ ಮುನ್ನ, ಅದನ್ನು ಬೋಧಿಸುವವರು ಒಂದು ಹಾಳೆಯಲ್ಲಿ ಕಾರಣವನ್ನು ಬರೆಯಲಿ. ಬೇರೆ ವಿಷಯಗಳ ಅಧ್ಯಾಪಕರು ಕುಳಿತು ಅದನ್ನು ಓದಲಿ, ಪ್ರಶ್ನಿಸಲಿ. ತೀರಾ ಕಡಿಮೆ ಅನುಕೂಲವುಳ್ಳ ಮನೆಯಿಂದ ಬಂದ ವಿದ್ಯಾರ್ಥಿಗೆ ಈ ಬದಲಾವಣೆಯಿಂದ ಎಷ್ಟು ಹೊತ್ತು, ಎಷ್ಟು ಹಣ ಹೆಚ್ಚುತ್ತದೆ ಅಥವಾ ಉಳಿಯುತ್ತದೆ ಎಂಬ ಪ್ರಶ್ನೆಗೆ ಆ ಹಾಳೆಯಲ್ಲಿ ಉತ್ತರವಿರಲೇಬೇಕು. ಅಧ್ಯಾಪಕರ ಒಪ್ಪಿಗೆಯಿಲ್ಲದ ಹಾಳೆಗೆ ಆಡಳಿತ ಮಂಡಳಿ ಮುದ್ರೆ ಒತ್ತದಿರಲಿ. ಒಪ್ಪಿಗೆಯಿದ್ದ ಮಾತ್ರಕ್ಕೆ ಪ್ರಶ್ನಿಸದೆಯೂ ಬಿಡದಿರಲಿ. ಎರಡು ವರ್ಷ ಕಳೆದ ಮೇಲೆ ಅದೇ ಹಾಳೆಯನ್ನು ಮತ್ತೆ ತೆಗೆದು, ಹೇಳಿದ್ದಕ್ಕೂ ಆದದ್ದಕ್ಕೂ ತಾಳೆ ನೋಡಲಿ. ಇದರಿಂದ ಕೆಲಸ ನಿಧಾನವಾಗುವುದಿಲ್ಲವೇ ಎಂದರೆ, ಆಗುತ್ತದೆ. ಅಧ್ಯಾಪಕರು ಒಂದು ತಿಂಗಳು ಕುಳಿತು ಯೋಚಿಸುವುದು ವಿದ್ಯಾರ್ಥಿಯ ಒಂದು ವರ್ಷ ವ್ಯರ್ಥವಾಗುವುದಕ್ಕಿಂತ ಎಷ್ಟೋ ಲೇಸು.

ದಾನಿಗಳಲ್ಲಿಯೂ ಒಂದು ಅರಿಕೆ. ಹೊಸ ಪ್ರಯೋಗಾಲಯಕ್ಕೋ ಗಣಕಯಂತ್ರದ ತರಗತಿಗೋ ತಾವು ನೆರವು ನೀಡುವಾಗ ಆ ಹಾಳೆಯನ್ನು ಕೇಳಿ ಓದಿರಿ. ಬೋಧಿಸುವವರಿದ್ದಾರೆಯೇ, ಕಲಿತವರು ಎಲ್ಲಿಗೆ ಹೋಗುತ್ತಾರೆ ಎಂದು ವಿಚಾರಿಸಿರಿ. ಹಳೆಯ ವಿದ್ಯಾರ್ಥಿಗಳು ತಮ್ಮ ಬಾಳಿಗೆ ಯಾವ ಪಾಠ ಒದಗಿತು, ಯಾವುದು ಒದಗಲಿಲ್ಲ ಎಂಬುದನ್ನು ಸಂಕೋಚವಿಲ್ಲದೆ ತಮ್ಮ ಗುರುಗಳಿಗೆ ಬರೆದು ತಿಳಿಸಲಿ. ಪರಿಶೀಲನೆಗೆ ಅದಕ್ಕಿಂತ ಉತ್ತಮ ಸಾಕ್ಷ್ಯವಿಲ್ಲ.

ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಕೊಠಡಿಗಳ ಪಟ್ಟಿಯ ಪಕ್ಕದಲ್ಲಿ ಒಂದು ಪುಟವನ್ನು, "ಈ ವರ್ಷ ನಾವು ಬದಲಿಸಿದ ಪಾಠಗಳು, ಅದಕ್ಕೆ ಕಾರಣಗಳು" ಎಂಬ ತಲೆಬರಹದಡಿ ಮೀಸಲಿಡುವಂತಾದರೆ ಈ ಬರಹ ಸಾರ್ಥಕವಾಯಿತೆಂದು ಭಾವಿಸುತ್ತೇನೆ.